ಕ್ಷೀರಕ್ರಾಂತಿ ಕೊಟ್ಟಿಗೆಯ ಬಾಗಿಲಲ್ಲಿ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯಂಥ ನಗರಕ್ಕೆ ಬೇಕಾದ ಹಾಲಿನ ದೊಡ್ಡ ಪಾಲು ನಗರದೊಳಗಿನ ತಬೇಲಗಳಿಂದಲೇ ಬರುತ್ತಿತ್ತು. ಆಗತಾನೆ ಕರು ಹಾಕಿದ ಎಮ್ಮೆಗಳನ್ನು ದೂರದ ಸೀಮೆಗಳಿಂದ ಕೊಂಡು ತಂದು ಓಣಿಗಳ ನಡುವೆ ಕಟ್ಟಿ ಕರೆಯುತ್ತಿದ್ದರು. ಹಾಲು ಬತ್ತಿತೆಂದರೆ ಎಮ್ಮೆಯನ್ನು ಮುಂದಿನ ಸೂಲಿನವರೆಗೆ ಮೇಯಿಸುವುದು ಗಿಟ್ಟುತ್ತಿರಲಿಲ್ಲ. ಒಳ್ಳೆಯ ತಳಿಯ ಎಮ್ಮೆ ಕಸಾಯಿಖಾನೆ ಸೇರುತ್ತಿತ್ತು. ಕರುಗಳು ಅದಕ್ಕೂ ಮೊದಲೇ ಹಾಲಿಲ್ಲದೆ ಸಾಯುತ್ತಿದ್ದವು. ಸರ್ಕಾರಕ್ಕೆ ಇದರಲ್ಲಿ ಕಂಡದ್ದು ಮುಖ್ಯವಾಗಿ ನಗರದ ಕೊಳಕು ಮತ್ತು ನಗರವಾಸಿಯ ಹಾಲಿನ ಕೊರತೆ. ಹಾಗಾಗಿ ಎಮ್ಮೆಗಳನ್ನು ಊರಾಚೆಯ ಆರೇ ಕಾಲೊನಿಗೆ ಸಾಗಿಸಿದರು. ದೆಹಲಿಯಲ್ಲಿ 1959ರಲ್ಲಿ ಸರ್ಕಾರವೇ ಹಾಲು ಯೋಜನೆ ಶುರುಮಾಡಿತು. 1950-51ರಲ್ಲಿ ಇಡೀ ದೇಶದ ಹಾಲಿನ ಉತ್ಪಾದನೆ ಸುಮಾರು 1.7 ಕೋಟಿ ಟನ್. ಹಾಲನ್ನು ಕುಡಿಯುವವರ ಕಡೆಯಿಂದ ನೋಡಿದ ಈ ಯಾವ ಯೋಜನೆಯೂ ಆ ಅಂಕಿಯನ್ನು ಹೇಳಿಕೊಳ್ಳುವಷ್ಟು ಮೇಲಕ್ಕೆತ್ತಲಿಲ್ಲ.

ಕರೆಯುವವರ ಕಡೆಯಿಂದ ನೋಡಿದ್ದು ಗುಜರಾತಿನ ಖೇಡಾ ಜಿಲ್ಲೆ. 1945ರಲ್ಲಿ ಮುಂಬಯಿ ಸರ್ಕಾರ ಅಲ್ಲಿನ, ನಾನೂರು ಕಿಲೋಮೀಟರಿಗೂ ದೂರದ ಆನಂದ್‌ನಿಂದ ರೈಲಿನಲ್ಲಿ ಹಾಲು ತರಿಸಲು ನಿರ್ಧರಿಸಿ, ಸಂಗ್ರಹದ ಹಕ್ಕನ್ನು ಖಾಸಗಿ ಪೋಲ್ಸನ್ ಡೈರಿಗೆ ಕೊಟ್ಟಿತು. ಲಾಭ ಡೈರಿಗೂ ನಡುವಿನ ಗುತ್ತಿಗೆದಾರರಿಗೂ ಹಂಚಿಹೋಗಿ, ರೈತನ ಕೈಗೆ ಅವರು ಹೇಳಿದ ಬೆಲೆ ಬರುತ್ತಿತ್ತು. ರೈತರು ಸರ್ದಾರ್ ಪಟೇಲರ ಬಳಿ ಹೋದರು. ನಿಮ್ಮದೇ ಸಹಕಾರ ಸಂಘ ಕಟ್ಟಿ, ಅದಕ್ಕೆ ಸರ್ಕಾರ ಒಪ್ಪದಿದ್ದರೆ ಹಾಲು ಕೊಡುವುದನ್ನೇ ನಿಲ್ಲಿಸಿ ಎಂಬುದು ಪಟೇಲರ ಸಲಹೆ. 1946ರ ಜನವರಿಯಲ್ಲಿ ಸಮರಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆ ನಡೆಯಿತು. ಆಮೇಲೆ ಹದಿನೈದು ದಿನ ಖೇಡಾದಿಂದ ಮುಂಬಯಿಗೆ ತೊಟ್ಟು ಹಾಲು ಹೋಗಲಿಲ್ಲ. ದಿನವೂ ಕರೆಯಲೇಬೇಕಾದ, ಕರೆದರೆ ಕೆಟ್ಟುಹೋಗುವ ಸರಕನ್ನು ಹಿಡಿದು ಮುಷ್ಕರ ಹೂಡುವುದು ಎಷ್ಟು ಕಷ್ಟವೆಂದು ಹಸು ಸಾಕಿದವರಿಗೆ ಗೊತ್ತು. ಸರ್ಕಾರ ಮಣಿಯಿತು. ಅದೇ ವರ್ಷ ಡಿಸೆಂಬರ್ 14ರಂದು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. ಶುರುವಿನಲ್ಲಿದ್ದದ್ದು ಎರಡೇ ಹಳ್ಳಿಯ ಸಂಘ, ದಿನಕ್ಕೆ 250 ಲೀಟರಿನಷ್ಟು ಹಾಲು. ಅಮುಲ್ ಎಂಬ ಹೆಸರು ಬಂದದ್ದು ಆಮೇಲೆ.

ಮುಂದೆ ಈ ಒಕ್ಕೂಟವನ್ನು ಬೆಳೆಸಿದ ವರ್ಗೀಸ್ ಕುರಿಯನ್ 1949ರಲ್ಲಿ ಆನಂದ್‌ಗೆ ಬಂದದ್ದು ಸರ್ಕಾರಿ ವಿದ್ಯಾರ್ಥಿವೇತನದ ಷರತ್ತಿಗೆ ಕಟ್ಟುಬಿದ್ದು. ಅಮೆರಿಕಕ್ಕೆ ಓದಲು ಹೋಗುವ ಮೊದಲು ಅವರು ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ, 1923ರಲ್ಲಿ ಶುರುವಾಗಿದ್ದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆಯಲ್ಲಿ. 1927ರಲ್ಲಿ ಗಾಂಧೀಜಿ ಗೋಪಾಲನೆಯ ಪಾಠ ಕೇಳಿದ್ದೂ ಅಲ್ಲೇ. 1955ರಲ್ಲಿ ಆ ಸಂಸ್ಥೆಯ ಕೇಂದ್ರ ಕರ್ನಾಲಕ್ಕೆ ಹೋಯಿತು. ಆಡುಗೋಡಿಯಲ್ಲಿ ಅದರ ದಕ್ಷಿಣದ ಶಾಖೆ ಉಳಿದುಕೊಂಡಿದೆ.

ಆನಂದ್‌ನ ದೊಡ್ಡ ತಾಂತ್ರಿಕ ಗೆಲುವಿನ ಹಿಂದಿದ್ದವರು ಹೈನು ತಂತ್ರಜ್ಞ ಎಚ್.ಎಂ. ದಲಾಯ. ಜಿಡ್ಡು ಹೆಚ್ಚಿರುವ ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂಬುದು ಹಸುವಿನ ಹಾಲನ್ನಷ್ಟೇ ಬಲ್ಲ ವಿದೇಶಿ ತಜ್ಞರ ಮಾತಾಗಿತ್ತು. ದಲಾಯ ಅದನ್ನು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಹೊಸ ಕಾರ್ಖಾನೆ ಉದ್ಘಾಟಿಸಿದರು. ಇದು ಬರಿಯ ಪ್ರಯೋಗಶಾಲೆಯ ಹೆಮ್ಮೆಯಲ್ಲ. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಕರೆಯುತ್ತವೆ, ಬೇಸಿಗೆಯಲ್ಲಿ ಬತ್ತುತ್ತವೆ. ಹೆಚ್ಚಾದ ಹಾಲನ್ನು ಪುಡಿ ಮಾಡಿಡಲು ಬಂದಮೇಲೆ, ಸಂಘ ರೈತನಿಗೆ "ಈ ಹೊತ್ತು ಹಾಲು ಬೇಡ" ಎಂದು ಹೇಳುವ ಪ್ರಮೇಯ ತಪ್ಪಿತು. ಸಹಕಾರದ ಮೇಲಿನ ನಂಬಿಕೆ ನಿಂತದ್ದು ಆ ಖಾತರಿಯ ಮೇಲೆ.

1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆನಂದ್ ಹತ್ತಿರದ ಅಜರಪುರ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿ ರೈತರ ಜೊತೆ ಮಾತನಾಡಿದರು. ಈ ಆನಂದ್ ಮಾದರಿಯನ್ನು ದೇಶದುದ್ದಕ್ಕೂ ಹಬ್ಬಿಸಬೇಕೆಂಬ ಅವರ ಬಯಕೆಯ ಫಲವಾಗಿ 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು, ದೆಹಲಿಯಲ್ಲಲ್ಲ, ಆನಂದ್‌ನಲ್ಲೇ. 1970ರಲ್ಲಿ ಮಂಡಳಿಯ ಆಪರೇಷನ್ ಫ್ಲಡ್ ಯೋಜನೆ ಶುರುವಾಯಿತು. ಆಗ ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಮಿಕ್ಕಿ ಬಿದ್ದಿತ್ತು. ಅದು ಅಗ್ಗವಾಗಿ ಇಲ್ಲಿಗೆ ನುಗ್ಗಿದ್ದರೆ ನಮ್ಮ ರೈತನ ಹಾಲಿಗೆ ಬೆಲೆಯೇ ಇರುತ್ತಿರಲಿಲ್ಲ. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ಬಂದ ಸುಮಾರು 1,26,000 ಟನ್ ಕೆನೆರಹಿತ ಪುಡಿ, 42,000 ಟನ್ ಬೆಣ್ಣೆ ಎಣ್ಣೆಯನ್ನು ಪುಕ್ಕಟೆ ಹಂಚಲಿಲ್ಲ; ಹಾಲಾಗಿಸಿ ನಗರಗಳಲ್ಲಿ ಮಾರಿ, ಆ ದುಡ್ಡಿನಲ್ಲಿ ಹಳ್ಳಿಗಳಲ್ಲಿ ಸಂಘ, ಶೀತಲ ಕೇಂದ್ರ, ಪಶು ಆಹಾರ ಘಟಕಗಳನ್ನು ಕಟ್ಟಿದರು. ಮಂಡಳಿಯನ್ನು ಮುನ್ನಡೆಸಿದ ಕುರಿಯನ್ ಅವರ ಜಾಣ್ಮೆ ನನಗೆ ಅತಿ ಹೆಚ್ಚು ಕಾಣುವುದು ಈ ಲೆಕ್ಕಾಚಾರದಲ್ಲಿ. ಮೊದಲ ಹಂತ 18 ಹಾಲು ಪ್ರದೇಶಗಳನ್ನು ನಾಲ್ಕು ಮಹಾನಗರಗಳಿಗೆ ಜೋಡಿಸಿತು. 1980ರ ದಶಕದ ನಡುವೆ ಆ ಸಂಖ್ಯೆ 136ಕ್ಕೆ ಏರಿತ್ತು. ಮೂರನೆಯ ಹಂತ ಮುಗಿದದ್ದು 1996ರಲ್ಲಿ.

ಇದಕ್ಕೆ ವಿರೋಧವಿರಲಿಲ್ಲವೆಂದಲ್ಲ. 1983ರಲ್ಲಿ ಪರಿಸರವಾದಿ ಕ್ಲಾಡ್ ಆಲ್ವಾರೆಸ್ ಇಲ್ಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಯಲ್ಲಿ ಇಡೀ ಯೋಜನೆಯನ್ನೇ ಸುಳ್ಳೆಂದು ಕರೆದು ಬರೆದರು. ಹಳ್ಳಿ ಮಕ್ಕಳ ಬಾಯಿಯ ಹಾಲು ನಗರಕ್ಕೆ ಹರಿಯುತ್ತಿದೆ, ವಿದೇಶಿ ಪುಡಿಯ ಮೇಲೆ ಅವಲಂಬನೆ ಬೆಳೆಯುತ್ತಿದೆ ಎಂಬುದು ಟೀಕೆಯ ತಿರುಳು. ಯೋಜನೆಯ ಪರಿಶೀಲನೆಗೆ ಸರ್ಕಾರ ಎಲ್.ಕೆ. ಝಾ ಸಮಿತಿಯನ್ನು ನೇಮಿಸಿತು. ಅವಲಂಬನೆಯ ಭಯ ನಿಜವಾಗಲಿಲ್ಲ. ಮೊದಲ ಮಾತನ್ನು ಮಾತ್ರ ಹಾಗೆ ತಳ್ಳಿಹಾಕಲು ಬರುವುದಿಲ್ಲ. ದುಡ್ಡಿನ ಜರೂರಿರುವ ಮನೆಯಲ್ಲಿ ಕರೆದದ್ದೆಲ್ಲ ಡೈರಿಗೆ ಹೋಗಿ, ಮಕ್ಕಳಿಗೆ ಚಹಾಕ್ಕಾಗುವಷ್ಟೇ ಉಳಿಯುವುದನ್ನು ಹಳ್ಳಿ ಬಲ್ಲ ಯಾರಾದರೂ ಕಂಡಿರುತ್ತಾರೆ. 2013ರ ಆಗಸ್ಟಿನಲ್ಲಿ ಕರ್ನಾಟಕ ಶಾಲಾ ಮಕ್ಕಳಿಗೆ ಕ್ಷೀರಭಾಗ್ಯದ 150 ಮಿಲಿ ಹಾಲು ಕೊಡಲು ಹೊರಟದ್ದು ಮಿಕ್ಕಿದ ಹಾಲಿಗೆ ದಾರಿ ಮಾಡಿದಂತೆಯೇ ಈ ಕೊರತೆಯನ್ನೂ ಒಂದಿಷ್ಟು ತುಂಬಿತು.

ನಮ್ಮ ರಾಜ್ಯದ ಮೊದಲ ಡೈರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಯಿತು. ಆದರೆ ಆನಂದ್ ಮಾದರಿ ಇಲ್ಲಿ ಬೇರೂರಿದ್ದು 1974ರಲ್ಲಿ, ವಿಶ್ವ ಬ್ಯಾಂಕಿನ ಸಾಲದೊಂದಿಗೆ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ದಕ್ಷಿಣದ ಜಿಲ್ಲೆಗಳಲ್ಲಿ ಸಂಘ ಕಟ್ಟಲು ಇಳಿದಾಗ. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಆ ದಿನಗಳ ಸಂಘ ಕಟ್ಟುವ ಕೆಲಸ, ಜಾತಿಯ ಮೇಲಾಟ, ಊರ ಮುಖ್ಯಸ್ಥನ ಹಗೆ ಹೇಗಿರುತ್ತಿತ್ತೆಂದು ತಿಳಿಯಬಯಸುವವರು ಶ್ಯಾಮ್ ಬೆನಗಲ್ ಅವರ 'ಮಂಥನ್' ನೋಡಬೇಕು. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ 1976ರ ಆ ಚಿತ್ರದಲ್ಲಿ ಪಶುವೈದ್ಯ ಡಾಕ್ಟರ್ ರಾವ್ ಆಗಿ ನಟಿಸಿದವರು ನಮ್ಮ ಗಿರೀಶ ಕಾರ್ನಾಡ.

ಇಷ್ಟೆಲ್ಲ ಯಂತ್ರ, ಸಾಲ, ಯೋಜನೆಗಳ ನಡುವೆ ನಿಜಕ್ಕೂ ಬದಲಾದದ್ದು ಯಾವುದೆಂದು ಕಾಣಬೇಕಿದ್ದರೆ ಕೋಲಾರವೋ ಮಂಡ್ಯವೋ, ಯಾವುದಾದರೂ ಹಳ್ಳಿಯ ಡೈರಿ ಮುಂದೆ ಬೆಳಗ್ಗೆ ಆರೂವರೆಗೆ ನಿಲ್ಲಬೇಕು. ಸ್ಟೀಲಿನ ಕ್ಯಾನು, ಪ್ಲಾಸ್ಟಿಕ್ ಡಬ್ಬ ಹಿಡಿದವರ ಸಾಲು. ಹಾಲು ಪರೀಕ್ಷಕ ಪ್ರತಿಯೊಬ್ಬರ ಹಾಲಿನಿಂದ ಒಂದಿಷ್ಟು ಮಾದರಿ ತೆಗೆದು ಯಂತ್ರದ ನಳಿಕೆಗೆ ಹಿಡಿಯುತ್ತಾನೆ. ಕ್ಷಣದಲ್ಲಿ ಜಿಡ್ಡು 3.8, ಜಿಡ್ಡೇತರ ಘನಾಂಶ 8.4 ಎಂದು ಅಂಕಿ ಮೂಡಿ, ಲೀಟರು, ದರ, ಮೊತ್ತವಿರುವ ಚೀಟಿ ಹೊರಬೀಳುತ್ತದೆ. "ಡಿಗ್ರಿ ಯಾಕಣ್ಣ ಇಳೀತು?" "ಹಿಂಡಿ ಕಮ್ಮಿ ಮಾಡಿದ್ಯೇನಕ್ಕ?" "ಮೂಟೆ ರೇಟು ನೋಡಿದ್ಯಾ ನೀನು?" ಮಾತು ಅಲ್ಲಿಗೇ ನಿಲ್ಲುತ್ತದೆ, ಹಿಂದಿನವರು ಕ್ಯಾನು ಮುಂದೆ ಸರಿಸುತ್ತಾರೆ. ಹಿಂದೆ ಅಳತೆಯ ಪಾವು, ಸೇರು ಮಾರುವವಳದಾದರೂ ಲೆಕ್ಕ ಕೊಳ್ಳುವವನದು. ಇಲ್ಲಿ ಜಮೀನ್ದಾರನ ಹತ್ತು ಲೀಟರಿಗೂ ಕೂಲಿಯವಳ ಎರಡು ಲೀಟರಿಗೂ ಒಂದೇ ಯಂತ್ರ, ಒಂದೇ ದರಪಟ್ಟಿ, ಒಂದೇ ದಿನ ಬಟವಾಡೆ. ನಮ್ಮ ಹೈನುಗಾರಿಕೆಯ ಆಧುನಿಕತೆ ಎಂದು ನಾನು ಮೊದಲು ಹೆಸರಿಸುವುದು ಇದನ್ನು. ಆ ಹಾಲು ಅಲ್ಲಿಂದ ಶೀತಲ ಟ್ಯಾಂಕಿಗೆ, ಟ್ಯಾಂಕರಿಗೆ, ಡೈರಿಗೆ ಹೋಗಿ ಮರುದಿನ ಪ್ಯಾಕೆಟ್ಟಾಗಿ ಬರುವುದು ಅದರ ಮುಂದುವರಿಕೆ.

ಫಲ ದೊಡ್ಡದೇ. 1998ರ ಹೊತ್ತಿಗೆ ಭಾರತ ಅಮೆರಿಕವನ್ನು ಹಿಂದಿಕ್ಕಿ ಹಾಲಿನ ಉತ್ಪಾದನೆಯಲ್ಲಿ ಮೊದಲನೆಯದಾಯಿತು. 2023-24ರಲ್ಲಿ 23.9 ಕೋಟಿ ಟನ್ ಹಾಲು ಬಂತು. ತಲಾ ಲಭ್ಯತೆ ದಿನಕ್ಕೆ 471 ಗ್ರಾಂ. 2024ರ ಜೂನಿನಲ್ಲಿ ಕರ್ನಾಟಕ ಹಾಲು ಮಹಾಮಂಡಳದ, ಅಂದರೆ ನಂದಿನಿಯ, ದಿನದ ಸಂಗ್ರಹ ಮೊದಲ ಬಾರಿಗೆ ಒಂದು ಕೋಟಿ ಲೀಟರ್ ಮುಟ್ಟಿತು.

ಆದರೆ ಈ ಬದಲಾವಣೆಯ ಬಹುಪಾಲು ನಡೆದದ್ದು ಹಾಲು ಕೊಟ್ಟಿಗೆ ಬಿಟ್ಟು ಹೊರಬಂದ ಮೇಲೆ. ಕೊಟ್ಟಿಗೆಯೊಳಗೆ ನಡೆದದ್ದು ಮುಖ್ಯವಾಗಿ ತಳಿಯ ಬದಲಾವಣೆ. ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಶುರುವಾದ ಘನೀಕೃತ ವೀರ್ಯದ ಕೇಂದ್ರ, ಹಳ್ಳಿ ಹಳ್ಳಿಗೆ ಹೋದ ಕೃತಕ ಗರ್ಭಧಾರಣೆಯಿಂದ ಹಳ್ಳಿಕಾರ್, ಮಲೆನಾಡು ಗಿಡ್ಡ ನಿಂತಿದ್ದ ಜಾಗದಲ್ಲಿ ಸೀಮೆಹಸು ಬಂದು ನಿಂತಿತು. ಸರಾಸರಿ ನಾಟಿ ಹಸು ದಿನಕ್ಕೆ ಮೂರು ನಾಲ್ಕು ಕೆಜಿ ಕರೆದರೆ ಮಿಶ್ರತಳಿ ಎಂಟರ ಆಸುಪಾಸು. ಹೆಚ್ಚು ಕರೆಯುವ ಹಸು ಹೆಚ್ಚು ತಿನ್ನುತ್ತದೆ, ಬಿಸಿಲಿಗೆ ಬೇಗ ಸೊರಗುತ್ತದೆ, ಕೆಚ್ಚಲು ಬಾವಿಗೆ ಬೇಗ ಸಿಗುತ್ತದೆ. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವು, ಹಿಂಡಿಗೇ ಹೋಗುತ್ತದೆ. ಗೋಮಾಳಗಳು ನಿವೇಶನಗಳಾಗಿವೆ, ರಾಗಿ ಬೆಳೆ ಕಡಿಮೆಯಾದಂತೆ ರಾಗಿ ಹುಲ್ಲಿನ ಬಣವೆಯೂ ಕರಗಿದೆ. 2013ರಲ್ಲಿ ಕಾಲುಬಾಯಿ ರೋಗ ಇಲ್ಲಿ ಸಾವಿರಾರು ರಾಸುಗಳನ್ನು ಕೊಂದಿತು. 2022ರಲ್ಲಿ ಚರ್ಮಗಂಟು ರೋಗ ರಾಜಸ್ಥಾನದಿಂದ ಕರ್ನಾಟಕದವರೆಗೆ ಹಬ್ಬಿತು. ಒಂದೇ ಹಸುವಿನ ಮನೆಗೆ ಇಂಥ ರೋಗವೆಂದರೆ ವರ್ಷದ ಆದಾಯ ಒಂದು ವಾರದಲ್ಲಿ ಹೋದಂತೆ.

ಇದಕ್ಕೆಲ್ಲ ರಾಜ್ಯ ಸರ್ಕಾರದ ಉತ್ತರ ಬಹುಮಟ್ಟಿಗೆ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4 ಆಯಿತು, ಆಮೇಲೂ ಏರಿತು. ಅದು ಬೇಕು, ಬಾಕಿ ಉಳಿಸಿಕೊಳ್ಳದೆ ತಿಂಗಳಿಗೆ ಸರಿಯಾಗಿ ಬೇಕು. ಆದರೆ ಮೇವಿನ ಬೆಲೆ ಏರಿದಾಗಲೆಲ್ಲ ಆ ರೂಪಾಯಿ ಕರಗುತ್ತದೆ. ಎಪ್ಪತ್ತರ ದಶಕದಲ್ಲಿ ಹಾಲಿನ ಮಾರುಕಟ್ಟೆಗೆ ಕೊಟ್ಟ ಗಮನವನ್ನು ಈಗ ಮೇವಿಗೆ ಕೊಡಬೇಕು: ಸಂಘದ ಮಟ್ಟದಲ್ಲೇ ರಸಮೇವು ಮಾಡಿಡುವುದು, ಉಳಿದಿರುವ ಗೋಮಾಳವನ್ನು ಹುಲ್ಲಿಗೇ ಕಾಯ್ದಿಡುವುದು, ರಾತ್ರಿ ಕರೆದರೂ ಬರುವ ಪಶುವೈದ್ಯರನ್ನು ಹೋಬಳಿಗೊಬ್ಬರಂತೆ ನೇಮಿಸುವುದು.

ಇನ್ನೊಂದು ಕೆಲಸಕ್ಕೆ ದುಡ್ಡೂ ಹೆಚ್ಚು ಬೇಡ. ಹುಲ್ಲು ತಂದು, ಸಗಣಿ ಬಾಚಿ, ಎರಡು ಹೊತ್ತು ಕರೆಯುವವರು ಬಹುತೇಕ ಹೆಂಗಸರು. ಆದರೂ ಎಷ್ಟೋ ಸಂಘಗಳಲ್ಲಿ ಸದಸ್ಯತ್ವ ಗಂಡನ ಹೆಸರಲ್ಲಿದೆ, ಬಟವಾಡೆ ಅವನ ಖಾತೆಗೆ ಹೋಗುತ್ತದೆ, ಆಡಳಿತ ಮಂಡಳಿಯಲ್ಲಿ ಕೂರುವವನೂ ಅವನೇ. ರಾಜ್ಯದಲ್ಲಿ ಮಹಿಳೆಯರೇ ನಡೆಸುವ ಹಾಲು ಸಂಘಗಳು ದಶಕಗಳಿಂದ ಇವೆ; ಲೆಕ್ಕ ಬರೆಯುವುದರಿಂದ ಹಿಡಿದು ಹಾಲು ಪರೀಕ್ಷೆಯವರೆಗೆ ಎಲ್ಲವನ್ನೂ ಅವರೇ ಮಾಡುತ್ತಾರೆ. ಉಳಿದ ಸಂಘಗಳಲ್ಲೂ ಹಸು ಕರೆಯುವವರ ಹೆಸರಿಗೇ ಷೇರು ಬರೆದು, ಅವರ ಖಾತೆಗೇ ದುಡ್ಡು ಹಾಕಬೇಕೆಂಬ ನಿಯಮವನ್ನು ಒಕ್ಕೂಟಗಳು ಮುಂದಿನ ಸರ್ವಸದಸ್ಯರ ಸಭೆಗೇ ತರಬಹುದು.