ಫೈರ್‌ಫಾಕ್ಸ್‌ನ ಅನ್ನದಾತರು

ಇಂದಿರಾಪುರಂನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಕನ್ನಡದಲ್ಲೇ ತೆರೆದುಕೊಳ್ಳುತ್ತದೆ. ಅದನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರು. “ಹಾಗಾದರೆ ನಾವೂ ಒಂದಿಷ್ಟು ದೇಣಿಗೆ ಕಳಿಸೋಣವೇ?” ಎಂದು ವೇದಿಕೆಯ ಗೆಳತಿಯೊಬ್ಬರು ಕೇಳಿದರು. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1998ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಹೀಗೆ ಶುರುವಾದ ಮೊಜಿಲ್ಲಾ ಯೋಜನೆಯನ್ನು ಮುನ್ನಡೆಸಿದವರು ಮಿಚೆಲ್ ಬೇಕರ್ ಎಂಬ ವಕೀಲೆ. 2001ರಲ್ಲಿ ನೌಕರಿ ಹೋದರೂ ಸಂಬಳವಿಲ್ಲದೆ ಕೆಲಸ ಮುಂದುವರಿಸಿದರು. (ಸಂಘ ನಡೆಸುವ ನಮಗೆ ಇದೇನು ಹೊಸದಲ್ಲ ಬಿಡಿ!) 2003ರಲ್ಲಿ ಲಾಭರಹಿತ ಮೊಜಿಲ್ಲಾ ಫೌಂಡೇಶನ್ ಹುಟ್ಟಿತು, ಎಒಎಲ್ ಕಂಪನಿ 20 ಲಕ್ಷ ಡಾಲರ್ ಕೊಟ್ಟಿತು. ಮರುವರ್ಷ ಫೈರ್‌ಫಾಕ್ಸ್ 1.0 ಬಂದಾಗ ಸಾವಿರಾರು ಅಭಿಮಾನಿಗಳು ಹಣ ಕೂಡಿಸಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಹಾಕಿಸಿದರು.

ಆದರೆ ಎಂಜಿನಿಯರುಗಳ ಸಂಬಳ ದೇಣಿಗೆಯಿಂದ ನಡೆಯುವುದಿಲ್ಲ. ಬ್ರೌಸರನ್ನು ನೋಡಿಕೊಳ್ಳುವುದು 2005ರಲ್ಲಿ ಫೌಂಡೇಶನ್ನೇ ಸ್ಥಾಪಿಸಿದ ಮೊಜಿಲ್ಲಾ ಕಾರ್ಪೊರೇಷನ್. ನಾವು ಏನಾದರೂ ಹುಡುಕಿದಾಗ ಮೊದಲು ಗೂಗಲ್ ಬರುತ್ತದಲ್ಲ, ಅದಕ್ಕಾಗಿ ಗೂಗಲ್ ಕೊಡುವ ಹಣವೇ ಅದರ ಮುಖ್ಯ ಆದಾಯ. ಕ್ರೋಮ್‌ನ ಯಜಮಾನನೇ ಎದುರಾಳಿಯ ಅನ್ನದಾತ! ಫೌಂಡೇಶನ್ನಿಗೆ ಕಳಿಸಿದ ದೇಣಿಗೆ ಅದರ ಜಾಗೃತಿ ಕೆಲಸಗಳಿಗೆ ಹೋಗುತ್ತದೆ, ಬ್ರೌಸರ್ ಕಟ್ಟುವುದಕ್ಕಲ್ಲ.

2024ರಲ್ಲಿ ಅಮೆರಿಕದ ನ್ಯಾಯಾಲಯ ಗೂಗಲ್‌ನ ಏಕಸ್ವಾಮ್ಯ ಅಕ್ರಮವೆಂದಾಗ ಈ ಅನ್ನವೂ ನಿಲ್ಲುವ ಭಯವಿತ್ತು. 2025ರ ಆದೇಶ ಪಾವತಿಯನ್ನು ನಿಷೇಧಿಸಲಿಲ್ಲ.

ಗೆಳತಿಗೆ ನಾನು ಹೇಳಿದ್ದಿಷ್ಟೇ: ಹಣಕ್ಕಿಂತ ಮೊದಲು ಬಳಸಿ. ಬಿಡುವಿದ್ದರೆ ಮೊಜಿಲ್ಲಾದ ಪೊಂಟೂನ್ ತಾಣದಲ್ಲಿ ನಾಲ್ಕು ಕನ್ನಡ ಸಾಲು ತಿದ್ದಿಕೊಡಿ.