ದುಬೈ–ಮಂಗಳೂರು: ಎಷ್ಟು ದೂರ, ಎಷ್ಟು ಹೊತ್ತು?

ದುಬೈ ವಿಮಾನ ನಿಲ್ದಾಣದಿಂದ ನಮ್ಮ ಬಜ್ಪೆಗೆ ವಾಯುಮಾರ್ಗದ ನೇರ ದೂರ ಸುಮಾರು 2,460 ಕಿಲೋಮೀಟರ್. ನೇರ ವಿಮಾನಕ್ಕೆ ಸುಮಾರು ಮೂರೂವರೆ ಗಂಟೆ ಸಾಕು. ಲೆಕ್ಕ ತಪ್ಪುವುದು ಗಡಿಯಾರದಲ್ಲಿ. ನಮ್ಮ ಸಮಯ ದುಬೈಗಿಂತ ಒಂದೂವರೆ ಗಂಟೆ ಮುಂದೆ. ಟಿಕೆಟಿನಲ್ಲಿ ಇರುವುದು ಆಯಾ ಊರಿನ ಸಮಯ. ಅಲ್ಲಿ ರಾತ್ರಿ 11ಕ್ಕೆ ಹೊರಟವರು ಇಲ್ಲಿ ಇಳಿಯುವಾಗ ಮರುದಿನ ಬೆಳಗಿನ ಜಾವ 4 ಗಂಟೆ. ಇಲ್ಲಿಂದ ಬೆಳಿಗ್ಗೆ 9ಕ್ಕೆ ಹೊರಟರೆ ಅಲ್ಲಿ 11ಕ್ಕೇ ಇಳಿದಂತೆ ಕಾಣುತ್ತದೆ!

ಮನೆಯಲ್ಲಿ ಸಾವಾದಾಗ, ದುಬೈಯಲ್ಲಿರುವ ಮಗನೋ ಮಗಳೋ ತಲುಪುವ ಹೊತ್ತು ನೋಡಿ ನಾವು ಅಂತ್ಯಕ್ರಿಯೆಯ ಸಮಯ ಗೊತ್ತುಮಾಡುತ್ತೇವೆ. ಆಗ ಇಮಿಗ್ರೇಶನ್, ಲಗೇಜಿಗೆಂದು ಒಂದು ಗಂಟೆ, ಉಡುಪಿ ಕಡೆಯವರಾದರೆ ರಸ್ತೆಗೆ ಇನ್ನೂ ಒಂದೂವರೆ ಗಂಟೆ ಸೇರಿಸಿಕೊಳ್ಳಬೇಕು. ಮುಂಬೈಯಲ್ಲಿ ವಿಮಾನ ಬದಲಿಸಿ ಬರುವವರಿಗೆ ಅರ್ಧ ದಿನವೆಂದೇ ಹಿಡಿಯುವುದು ಒಳ್ಳೆಯದು. ಮಳೆಗಾಲದಲ್ಲಿ ಬಜ್ಪೆಯಲ್ಲಿ ಇಳಿಯಲಾಗದೆ ವಿಮಾನ ಬೇರೆಡೆಗೆ ತಿರುಗುವುದೂ ಉಂಟು.