ಗವಿಯ ಬೆಳಕಿಗೆ ಎರಡು ತಾರೀಖು

ಬೆಂಗಳೂರಿನ ಉತ್ತರಹಳ್ಳಿ, ಬನಶಂಕರಿ, ಜಯನಗರದ ಮನೆಗಳಲ್ಲಿ ಸಂಕ್ರಾಂತಿಯ ಸಂಜೆ ಎಳ್ಳು ಬೀರುವುದು ಎಷ್ಟು ಖಾಯಮ್ಮೋ ಟಿವಿಯಲ್ಲಿ ಗವಿಪುರದ ನೇರಪ್ರಸಾರವೂ ಈಗ ಅಷ್ಟೇ ಖಾಯಂ. ಇಳಿಹೊತ್ತಿನ ಬಿಸಿಲು ಕಮಾನಿನ ತೆರಪಿನಿಂದ ನುಸುಳಿ, ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಗಂಗಾಧರೇಶ್ವರನ ಲಿಂಗವನ್ನು ಕೆಲವು ನಿಮಿಷ ಮುಟ್ಟಿ ಹೋಗುತ್ತದೆ. ಬೆಳಕಿನ ಮಾತು ಬಿಟ್ಟರೂ ಇದು ವಿಚಿತ್ರ ಜಾಗವೇ. ಬಂಡೆ ಕೊರೆದು ಮಾಡಿದ ಗುಡಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಬೀಸಣಿಗೆಯಾಕಾರದ ಎರಡು ಭಾರಿ ಕಲ್ಲುತಟ್ಟೆಗಳು, ಜೊತೆಗೆ ಕಲ್ಲಿನ ತ್ರಿಶೂಲ, ಕಲ್ಲಿನ ಡಮರು. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿ. ಹದಿನಾರನೇ ಶತಮಾನದಲ್ಲಿ ಕೆಂಪೇಗೌಡರು ಇದರ ಜೀರ್ಣೋದ್ಧಾರ ಮಾಡಿಸಿದರೆಂದು ಹೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಸಂಕ್ರಾಂತಿಯ ದಿನವೇ ಬೆಳಕು ಬೀಳುವಂತೆ ಹಿರಿಯರು ಲೆಕ್ಕ ಹಾಕಿ ಕಟ್ಟಿದರು ಎಂದು. ಮೊದಲನೆಯದನ್ನು ಒಪ್ಪುವುದಕ್ಕೆ ಅಡ್ಡಿಯಿಲ್ಲ. ಎರಡನೆಯದಕ್ಕೆ ಸೂರ್ಯನೇ ಸಾಕ್ಷಿ ಹೇಳುವುದಿಲ್ಲ. ಈ ಬೆಳಕು ಮತ್ತು ಈ ಹಬ್ಬ ಒಂದೆಡೆ ಕೂಡಿದ್ದು ತೀರಾ ಇತ್ತೀಚೆಗೆ ಎಂದು ತೋರುತ್ತದೆ.

ಮೊದಲನೆಯ ಕಾರಣ ಸರಳ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ತೆಂಕಣದ ಕೊನೆ ಮುಟ್ಟಿ ಹಿಂದಿರುಗುತ್ತಾನೆ. ಹೋಗುವಾಗ ಮುಳುಗಿದ ಎಡೆಯಲ್ಲೇ ಬರುವಾಗಲೂ ಮುಳುಗುತ್ತಾನೆ. ಜನವರಿ 14 ಎಂದರೆ ಆ ತಿರುವಿನಿಂದ 24 ದಿನ ಈಚೆ. ಅಷ್ಟೇ ದಿನ ಆಚೆ ಎಣಿಸಿದರೆ ನವೆಂಬರ್ 27. ಲೆಕ್ಕದಂತೆಯೇ, ಜನವರಿ 13ರಿಂದ 16ರವರೆಗೆ ಬರುವ ಬೆಳಕು ನವೆಂಬರ್ 26ರಿಂದ ಡಿಸೆಂಬರ್ 2ರವರೆಗಿನ ಸಂಜೆಗಳಲ್ಲೂ ಲಿಂಗದ ಮೇಲೆ ಬೀಳುತ್ತದೆ. ಆಗ ಕ್ಯಾಮೆರಾ ಇಲ್ಲ, ನೂಕುನುಗ್ಗಲಿಲ್ಲ. ಕೆಲವು ವರ್ಷಗಳಲ್ಲಿ ಆ ದಿನಗಳು ಕಾರ್ತಿಕದ ಕಡೇ ಸೋಮವಾರದ ಆಸುಪಾಸಿಗೇ ಬರುತ್ತವೆ. ಆಗ ಊರಿಗೆ ಊರೇ ಹತ್ತಿರದ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯಲ್ಲಿರುತ್ತದೆ. ಸಂಕ್ರಾಂತಿಗೆಂದೇ ಬರುವ ಬೆಳಕಾಗಿದ್ದರೆ ಕಾರ್ತಿಕದ ಕೊನೆಯಲ್ಲಿ ಅದಕ್ಕೇನು ಕೆಲಸ?

ಎರಡನೆಯ ಕಾರಣ ಇನ್ನೂ ಗಟ್ಟಿ. ಸಂಕ್ರಾಂತಿ ಸದಾ ಜನವರಿ 14ಕ್ಕೆ ಬರುತ್ತಿರಲಿಲ್ಲ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಆ ದಿನದ ತಾರೀಖು ಜನವರಿ 12. ಈಗ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ನಮ್ಮ ಪಂಚಾಂಗಗಳು ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತವೆ, ಋತುಗಳು ಹಾಗೆ ಅಳೆಯುವುದಿಲ್ಲ. ವರ್ಷಕ್ಕೆ ಇಪ್ಪತ್ತು ನಿಮಿಷದ ಆಸುಪಾಸಿನ ಈ ವ್ಯತ್ಯಾಸ ಸೇರಿಕೊಳ್ಳುತ್ತಾ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನವಾಗುತ್ತದೆ. ಹಿಂದಕ್ಕೆ ಎಣಿಸಿದರೆ ಕೆಂಪೇಗೌಡರ ಕಾಲದ ಸಂಕ್ರಾಂತಿ, ಇಂದಿನ ಕ್ಯಾಲೆಂಡರಿನ ಪ್ರಕಾರ, ಜನವರಿ 7ರ ಸುತ್ತಮುತ್ತ ನಿಲ್ಲುತ್ತದೆ. ಆ ಸಂಜೆ ಸೂರ್ಯ ಇಂದಿನ ಹಬ್ಬದ ದಿನಕ್ಕಿಂತ ಸುಮಾರು ಒಂದು ಡಿಗ್ರಿ, ಅಂದರೆ ತನ್ನದೇ ಬಿಂಬದ ಎರಡರಷ್ಟು, ದಕ್ಷಿಣಕ್ಕೆ ಇರುತ್ತಿದ್ದ. ಈಗಿನ ತೆರಪಿನಿಂದ ಜನವರಿಯಲ್ಲಿ ಬೆಳಕು ಒಳಗೆ ಬರುವುದು 13ರಿಂದ 16ರವರೆಗೆ ಮಾತ್ರ. ಅಂದಮೇಲೆ ಕೆಂಪೇಗೌಡರ ಕಾಲದ ಸಂಕ್ರಾಂತಿಗೆ ಈ ಕಮಾನು ಹೊಂದುತ್ತಿರಲಿಲ್ಲ. 1863ರಲ್ಲೂ ಹಬ್ಬ ಹೊಸ್ತಿಲಲ್ಲೇ ಇತ್ತು.

ಹಾಗಾದರೆ ಮೊದಲು ಗುಡಿ ಹೇಗಿತ್ತು? ಅದಕ್ಕೆ ಉತ್ತರ ಸಿಕ್ಕಿದ್ದು, ವಿಚಿತ್ರವೆಂದರೆ, ಯುದ್ಧದ ಬೆನ್ನಿಗೆ ಬಂದ ಇಬ್ಬರು ಇಂಗ್ಲಿಷ್ ಚಿತ್ರಕಾರರಿಂದ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆಯನ್ನು ಟಿಪ್ಪುವಿನಿಂದ ಕಿತ್ತುಕೊಂಡ; ಮರುವರ್ಷ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಈ ಕಡೆ ಬಂದು ಗವಿ ಗುಡಿಯನ್ನೂ ಬರೆದುಕೊಂಡರು. ಆ ಚಿತ್ರಗಳನ್ನು ಇಂದಿನ ಕಟ್ಟಡದ ಪಕ್ಕದಲ್ಲಿಟ್ಟು ನೋಡಿದವರು ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಮತ್ತು ಅವರ ಸಂಗಡಿಗರು; ಅಧ್ಯಯನ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1792ರಲ್ಲಿ ಗುಡಿಯ ಮುಂದೆ ಇಷ್ಟು ಕಟ್ಟೋಣ ಇರಲಿಲ್ಲ, ಆಗ ಬೆಳಕು ಗುಡಿಯನ್ನು ಮುಟ್ಟುತ್ತಿದ್ದುದು ಎರಡೂ ಅಯನಗಳ ತಿರುವಿನಲ್ಲಿ, ಜೂನ್ ಮತ್ತು ಡಿಸೆಂಬರ್ 21ರ ಸುಮಾರಿಗೆ ಎಂಬುದು ಅವರ ನಿರ್ಣಯ. ಆಮೇಲೆ ಎದ್ದ ಗೋಡೆಗಳು ಉಳಿದ ದಾರಿ ಮುಚ್ಚಿ, ಈಗ ನಾವು ನೋಡುವ ಸಂದನ್ನಷ್ಟೇ ಬಿಟ್ಟವು.

ಚಿತ್ರಕಾರರ ಕೈಯನ್ನು ನಂಬುವುದು ಹೇಗೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಮೋಡ, ಮರ, ಮನುಷ್ಯರನ್ನು ತಮಗೆ ಬೇಕಾದ ಕಡೆ ಇಡುವುದು ಆ ಕಾಲದ ಚಿತ್ರಕಾರರ ವಾಡಿಕೆಯೇ. ಆದರೆ ಡೇನಿಯಲ್ಲರು ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಸಾಧನದಿಂದ ದೃಶ್ಯದ ಗೆರೆಗಳನ್ನು ಹಾಳೆಗೆ ಇಳಿಸಿಕೊಳ್ಳುತ್ತಿದ್ದವರು, ಕಟ್ಟಡಗಳ ವಿಷಯದಲ್ಲಿ ಹಟದಷ್ಟು ನಿಖರ. ಮೇಲಾಗಿ ಅಂಗಳದ ಕಲ್ಲುತಟ್ಟೆಗಳು ಕದಲದೆ ನಿಂತಿವೆ. ಸಂದೇಹವಿದ್ದವರು ಚಿತ್ರವನ್ನು ಅವುಗಳ ಎದುರಿಗೇ ಹಿಡಿದು ನೋಡಬಹುದು. ಇನ್ನೊಂದು ಆಕ್ಷೇಪ ಹೆಚ್ಚು ಕೋಪದ್ದು: ಇದು ಹಿರಿಯರ ಜಾಣ್ಮೆಯನ್ನು ಹೀಗಳೆಯುವ ಮಾತಲ್ಲವೇ? ತದ್ವಿರುದ್ಧ. ಅಯನದ ತಿರುವಿಗೆ ಬಂಡೆಯ ಗುಡಿಯನ್ನು ಹೊಂದಿಸುವುದು ಸಂಕ್ರಾಂತಿಗೆ ಹೊಂದಿಸುವುದಕ್ಕಿಂತ ಕಮ್ಮಿಯ ಕೆಲಸವಲ್ಲ, ಏಕೆಂದರೆ ನಿಜವಾದ ಉತ್ತರಾಯಣ ಶುರುವಾಗುವುದೇ ಅಲ್ಲಿ. ಸಂಕ್ರಾಂತಿಯೂ ಅಯನವೂ ಒಂದೇ ದಿನ ಬರುತ್ತಿದ್ದುದು ಸುಮಾರು 1,700 ವರ್ಷಗಳ ಹಿಂದೆ. ಆಮೇಲೆ ಹಬ್ಬ ಜಾರಿತು, ಸೂರ್ಯ ಜಾರಲಿಲ್ಲ. ಈಗಿನ ಹೊಂದಾಣಿಕೆಯನ್ನು ಯಾರಾದರೂ ಬೇಕೆಂದೇ ಮಾಡಿದ್ದರೆ ಅದರ ಕೀರ್ತಿ 1792ರ ಈಚಿನ ಹೆಸರಿಲ್ಲದ ಕಲ್ಲುಕುಟಿಗರಿಗೆ ಸಲ್ಲಬೇಕು, ಅವರನ್ನು ಯಾರೂ ನೆನೆಯುವುದಿಲ್ಲ.

ಇಂಥ ಕಥೆ ನಮ್ಮದೊಂದೇ ಅಲ್ಲ. ಈಜಿಪ್ಟಿನ ಅಬು ಸಿಂಬೆಲ್ ಗುಡಿಯ ಗರ್ಭಗೃಹಕ್ಕೂ ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಅಕ್ಟೋಬರಿನಲ್ಲಿ, ಬೆಳಗಿನ ಸೂರ್ಯ ಇಳಿಯುತ್ತಾನೆ. ಒಂದು ರಾಮ್ಸೆಸ್ ದೊರೆಯ ಹುಟ್ಟುಹಬ್ಬ, ಇನ್ನೊಂದು ಪಟ್ಟಾಭಿಷೇಕದ ದಿನ ಎಂದು ಪ್ರವಾಸಿಗರಿಗೆ ಹೇಳುತ್ತಾರೆ, ಎರಡಕ್ಕೂ ಆಧಾರವಿಲ್ಲ. ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ಇಡೀ ಗುಡಿಯನ್ನು ಕೊಯ್ದು ಎತ್ತರದಲ್ಲಿ ಮರುಜೋಡಿಸಿದ ಮೇಲೆ ಬೆಳಕಿನ ದಿನ 21ರಿಂದ 22ಕ್ಕೆ ಸರಿಯಿತು ಎನ್ನುತ್ತಾರೆ. ಉತ್ಸವವೂ ಗೊಣಗದೆ 22ಕ್ಕೆ ಸರಿಯಿತು.

ಗವಿಪುರದಲ್ಲಿ ಅಷ್ಟು ಸಲೀಸಲ್ಲ. 2021ರ ಸಂಕ್ರಾಂತಿಯಂದು ಮೋಡ ಕವಿದು ಬೆಳಕು ಬೀಳದಿದ್ದಾಗ ಅಪಶಕುನದ ಚರ್ಚೆಯೇ ನಡೆಯಿತು. ಮೋಡವಾದರೆ ಮರುವರ್ಷ ಸರಿಯುತ್ತದೆ. ಹಬ್ಬ ಜಾರುವುದು ನಿಲ್ಲುವುದಿಲ್ಲ. ಇದೇ ಲೆಕ್ಕ ಮುಂದುವರಿದರೆ ಮುಂದಿನ ಶತಮಾನದಲ್ಲಿ ಅದು ಜನವರಿ 16ರ ಗಡಿ ದಾಟುತ್ತದೆ. ಹೀಗೆ ಹಬ್ಬಗಳು ಋತುವನ್ನು ಬಿಟ್ಟು ಸರಿಯದಂತೆ ಮಾಡುವ ದಾರಿಯನ್ನು ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲೇ ಸೂಚಿಸಿತ್ತು. ರಾಷ್ಟ್ರೀಯ ಪಂಚಾಂಗ 1957ರಲ್ಲಿ ಜಾರಿಗೆ ಬಂತು, ಮನೆಮನೆಯ ಗೋಡೆಯ ಮೇಲೆ ಹಳೆಯ ಪಂಚಾಂಗವೇ ಉಳಿಯಿತು. ಹಬ್ಬ ಆ ಗಡಿ ದಾಟುವಾಗಲೂ ಪಂಚಾಂಗದವರು ಮನಸ್ಸು ಮಾಡದಿದ್ದರೆ ಮತ್ತೊಮ್ಮೆ ಕಲ್ಲುಕುಟಿಗರನ್ನೇ ಕರೆಸಬೇಕಾದೀತು.